ಲಿಂಬೆಹಣ್ಣು ತುಳಿದು ಬಿದ್ದ ಗಾಡಿ

ಡೆಂಟಿಂಗ್, ಪೇಂಟಿಂಗ್ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ಹುಬ್ಬಳ್ಳಿಯಿಂದ ಫೋನ್ ಮಾಡಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. “ಬಸಣ್ಣಾ, ಯಾವ ಸ್ಪ್ರೇ ಗನ್ ತಗೊಳ್ಳೂಣ್ರಿ?” ಯಾವುದಾದರೂ ತಗೋ, ಹಿಡಿಯುವ ಕೈ ನಡುಗಬಾರದು ಅಷ್ಟೇ ಎಂದು ಬೈದು ಫೋನ್ ಇಟ್ಟುಬಿಡುತ್ತೇನೆ. ಆಮೇಲೆ ಪಾಪ ಅನ್ನಿಸುತ್ತದೆ. ಗನ್ನಿನ ವಿಷಯ ಅಂಗಡಿಯವನೇ ಹೇಳುತ್ತಾನೆ. ಅಂಗಡಿಯವನು ಹೇಳದ ಸಂಗತಿಗಳನ್ನು ನಾನಾದರೂ ಹೇಳಬೇಕಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ರಿಟೈರ್ ಆದವನಿಗೆ ಬೇರೆ ಕೆಲಸವೇನಿದೆ? ಅಡುಗೆಮನೆಯೊಳಗೆ ಹೆಂಡತಿ ಬಿಟ್ಟುಕೊಳ್ಳುವುದಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಒಂಬತ್ತು ವರ್ಷ, ಜರ್ಮನಿಯಲ್ಲಿ ಫ್ರಾಂಕ್‌ಫರ್ಟಿನ ಪಕ್ಕದ ಸಣ್ಣ ಊರೊಂದರಲ್ಲಿ ಮೂವತ್ತೆರಡು ವರ್ಷ, ಹೀಗೆ ಕಳೆಯಿತು ನನ್ನ ಆಯುಷ್ಯ. ಹುಬ್ಬಳ್ಳಿಯ ಕಾರ್ಖಾನೆಯೊಂದಕ್ಕೆ ಬಣ್ಣದ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬರು ನನ್ನ ಕೈಕೆಲಸ ನೋಡಿ ತರಬೇತಿಗೆಂದು ಕರೆಸಿಕೊಂಡರು. ಹೋದವನು ಅಲ್ಲೇ ಉಳಿದೆ. ಅದರ ಕಾಗದಪತ್ರದ ಪುರಾಣ ಹೇಳುತ್ತ ಕೂತರೆ ಬೆಳಗಾಗುತ್ತದೆ, ಬಿಡ್ರಿ.

ನಾನು ಸೇರಿದ ವರ್ಕ್‌ಶಾಪಿನ ಯಜಮಾನರನ್ನು ಎಲ್ಲರೂ ಮೈಸ್ಟರ್ ಎನ್ನುತ್ತಿದ್ದರು. ನಮ್ಮಲ್ಲಿ ಉಸ್ತಾದ್ ಅನ್ನುತ್ತೇವಲ್ಲ, ಹಾಗೆ. ಆದರೆ ಅಲ್ಲಿ ಅದಕ್ಕೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಆರಡಿ ಆಳು, ಮಾತು ಬಹಳ ಕಡಿಮೆ. ನಾನು ಸೇರಿದ ಮೊದಲನೇ ವಾರ ಕಾರಿನ ಬಾಗಿಲೊಂದರ ತಗ್ಗು ತೆಗೆಯಲು ಹೇಳಿದರು. ನನಗೋ ಹುಬ್ಬಳ್ಳಿಯ ಅವಸರದ ಕೈ. ಎರಡು ಪೆಟ್ಟು ಹಾಕಿದೆ, ಉಳಿದದ್ದಕ್ಕೆಲ್ಲ ಪುಟ್ಟಿ ಮೆತ್ತಿದೆ, ತಿಕ್ಕಿದೆ, ಬಣ್ಣ ಹೊಡೆದೆ. ಕನ್ನಡಿ ಹಾಗೆ ಹೊಳೆಯಿತು. ಮೈಸ್ಟರ್ ಬಂದರು, ಜೇಬಿನಿಂದ ಸಣ್ಣದೊಂದು ಅಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿದರು. ಒಳ್ಳೆಯ ಕಡೆ ಅಂಟಿತು. ನನ್ನ ಕೆಲಸದ ಕಡೆ ಬಂದಾಗ ಜಾರಿ ನನ್ನ ಕಾಲ ಬೆರಳಿನ ಮೇಲೆ ಬಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಎಲ್ಲ ಪುಟ್ಟಿ ಕೆತ್ತಿ ತೆಗೆಯಲು ಹಚ್ಚಿ, ನನ್ನ ಕೈಗೆ ಒಂದು ತವರದ ಕಡ್ಡಿ ಕೊಟ್ಟು ಹೋದರು.

ತವರ ಕರಗಿಸಿ, ಕಟ್ಟಿಗೆಯ ಚಮಚದಿಂದ ಸವರಿ, ಅರದಿಂದ ಉಜ್ಜಿ ತಗ್ಗು ತುಂಬುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ತವರಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಅದು ಬೇರೆ ಮಾತು. ಆದರೆ ತೆಳ್ಳಗೆ ಬಳಿಯುವುದರಿಂದ ಕೆಳಗಿನ ಕಬ್ಬಿಣ ಅದನ್ನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಬೆರಳಿನಿಂದ ಬಡಿದರೂ ದನಿ ಒಂದೇ. ಹುಡುಗರೇ, ತಗಡನ್ನು ತಗಡಿನ ಜಾಗಕ್ಕೆ ತಂದ ಮೇಲೆ ಉಳಿದದ್ದನ್ನು ಮಾತ್ರ ತುಂಬಬೇಕು. ನಾನು ಇದನ್ನು ಕಲಿತದ್ದು ನಾಚಿಕೆಯಿಂದ.

ಇನ್ನೊಂದು ಮಾತು. ಬೈಕಿನ ಪೆಟ್ರೋಲ್ ಟ್ಯಾಂಕು ತುಂಬಿದ್ದಾಗಿನದಕ್ಕಿಂತ ಖಾಲಿ ಇದ್ದಾಗ ಹೆಚ್ಚು ಅಪಾಯ. ಒಳಗೆ ಹಬೆ ಕೂತಿರುತ್ತದೆ. ಗೋಕುಲ ರಸ್ತೆಯಲ್ಲಿ ನನ್ನ ಜೊತೆಗಾರನೊಬ್ಬ “ಖಾಲಿ ಐತಿ ಬಿಡೋ” ಎಂದು ಗ್ಯಾಸಿನ ಉರಿ ಹಿಡಿದೇಬಿಟ್ಟ. ಢಂ ಅಂತು. ಟ್ಯಾಂಕು ಹಾರಿ ಶಟರಿಗೆ ಬಡಿಯಿತು. ಪುಣ್ಯಕ್ಕೆ ಅವನ ಹುಬ್ಬು ಮಾತ್ರ ಹೋದವು, ಜೀವ ಉಳಿಯಿತು. ಮೂರು ತಿಂಗಳು ಹುಬ್ಬಿಲ್ಲದೆ ತಿರುಗಾಡಿದ. ಅವನ ಹೆಂಡತಿ ಕಾಡಿಗೆಯಿಂದ ಬರೆದು ಕಳಿಸುತ್ತಿದ್ದಳು. ಹಾಗಾಗಿ ಟ್ಯಾಂಕನ್ನು ಬಿಸಿನೀರು ಸೋಪಿನಿಂದ ನಾಲ್ಕೈದು ಸಲ ತೊಳೆಯಿರಿ. ಕಾಯಿಸುವ ಜಾಗವೊಂದನ್ನು ಮೇಲೆ ಮಾಡಿಟ್ಟುಕೊಂಡು ಉಳಿದದ್ದಕ್ಕೆಲ್ಲ ನೀರು ತುಂಬಿರಿ. ಆಮೇಲೆ ಉರಿಯ ಮಾತು.

ಈಗ ನನ್ನ ಕೆಲಸದಲ್ಲೆಲ್ಲ ದೊಡ್ಡ ಟ್ಯಾಂಕಿನ ಕಥೆ ಹೇಳುತ್ತೇನೆ. ದೊಡ್ಡದು ಅಂದರೆ ಅಳತೆಯಲ್ಲಿ ಅಲ್ಲ. ಹದಿಮೂರು ಲೀಟರ್ ಹಿಡಿಯುವ ಟ್ಯಾಂಕು ಅದು.

ಜರ್ಮನಿ ಸರಕಾರ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡಲು ಶುರುಮಾಡಿದ ವರ್ಷಗಳು. ಅದಕ್ಕೂ ಮೊದಲು ಕನ್ನಡ ಕೇಳಬೇಕೆಂದರೆ ನಾನು ನನ್ನ ಹೆಂಡತಿಯ ಜೊತೆ ಜಗಳ ಆಡಬೇಕಿತ್ತು. ಆಮೇಲೆ ನೋಡ್ರಿ, ನಮ್ಮ ಪಕ್ಕದೂರು ಎಷ್‌ಬಾರ್ನಿನ ಆಫೀಸುಗಳಿಗೆ ಹೋಗುವ ಎಸ್-ಬಾನ್ ರೈಲಿನಲ್ಲಿ ಬೆಳಗ್ಗೆ “ಗುರು, ನಿನ್ನೆ ಬಿಲ್ಡ್ ಹೊಡ್ಕೊಂಡ್ತು ಮಗಾ” ಅನ್ನುವುದು ಕಿವಿಗೆ ಬೀಳತೊಡಗಿತು. ನನಗೆ ಹಿಗ್ಗೋ ಹಿಗ್ಗು. ಗಣೇಶ ಚೌತಿಗೆ ಚರ್ಚಿನವರ ಹಾಲ್ ಒಂದನ್ನು ಹಿಡಿದು ಎಲ್ಲರೂ ಸೇರಿದ್ದೆವು. ಅಲ್ಲಿ ನಾನು ಈ ಹುಡುಗರ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ. “ಎಂಥಾ ಡೆಂಟ್ ಇರಲಿ, ಮಾಲಕಗ ಗೊತ್ತs ಆಗಬಾರದು, ಹಂಗ ಮಾಡಿ ಕೊಡ್ತೇನಿ ನಾ” ಅಂದೆ. ಆ ಮಾತನ್ನು ಒಬ್ಬ ಹುಡುಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಅವನ ಹೆಸರು ಶ್ರೀಧರ. ಮೈಸೂರಿನವನು. ಅಕ್ಟೋಬರಿನ ಒಂದು ಸೋಮವಾರ ಸಂಜೆ, ವರ್ಕ್‌ಶಾಪ್ ಮುಚ್ಚುವ ಹೊತ್ತಿಗೆ ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು ಬಂದ. ಕೂಸು ಇರಬೇಕು ಅಂದುಕೊಂಡೆ. ಬಿಚ್ಚಿದರೆ ಪೆಟ್ರೋಲ್ ಟ್ಯಾಂಕು! ಅದನ್ನು ಎಸ್-ಬಾನಿನಲ್ಲಿ ತಂದಿದ್ದ. ವಾಸನೆಗೆ ಡಬ್ಬಿಯಲ್ಲಿದ್ದವರೆಲ್ಲ ಎದ್ದು ಬೇರೆ ಕಡೆ ಹೋದರಂತೆ.

“ಸಾರ್, ಏನಾದ್ರೂ ಮಾಡಿ ಸಾರ್. ಮುಂದಿನ ವಾರದ ಶನಿವಾರದೊಳಗೆ ಆಗ್ಬೇಕು. ಇಲ್ದಿದ್ರೆ ನಾನು ಸತ್ತೆ.”

ಬಲಗಡೆ ಟ್ಯಾಂಕು ಚೆಂದ ಇತ್ತು. ಮರೂನ್ ಬಣ್ಣ, ಅಂಚಿಗೆ ಕೈಯಲ್ಲಿ ಎಳೆದ ಬಂಗಾರದ ಗೆರೆ. ಎಡಗಡೆ ತಿರುಗಿಸಿದರೆ ಅಂಗೈ ಅಗಲ ಒಳಗೆ ಹೋಗಿದೆ, ನಡುವೆ ಚೂಪಾಗಿ ಮಡಚಿಕೊಂಡಿದೆ, ಬಣ್ಣ ಸಿಡಿದು ಗೆರೆ ತುಂಡಾಗಿದೆ.

“ಎಲ್ಲಿ ಬಡಿಸಿದ್ಯೋ ತಮ್ಮಾ? ಲಾರಿಗೇನು?”

“ಇಲ್ಲ ಸಾರ್. ಪೂಜೆ ಮಾಡ್ತಿದ್ವಿ.”

ನನಗೆ ನಗು ಉಕ್ಕಿ ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಕೂರಿಸಿ, ಚಹಾ ಕೊಟ್ಟು, ಎಲ್ಲ ಕೇಳಿದೆ.

ಗಾಡಿ ಅವನದಲ್ಲ, ಮನೆಮಾಲೀಕರದು. ಹೆರ್ ಲಾಂಗೆ ಎಂದು, ಹೆರ್ ಅಂದರೆ ನಮ್ಮ ಶ್ರೀಯುತ ಇದ್ದ ಹಾಗೆ, ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು, ಹೆಂಡತಿ ತೀರಿಕೊಂಡಿದ್ದರು. ಕೆಳಗೆ ಅವರು, ಮೇಲೆ ಒಂದು ಕೋಣೆಯಲ್ಲಿ ಇವನು. ಅವರು ಪ್ರಾಯದಲ್ಲಿ ಕೊಂಡ ಹಳೆಯ ಸಿಂಗಲ್ ಸಿಲಿಂಡರ್ ಗಾಡಿಯೊಂದು ಗ್ಯಾರೇಜಿನಲ್ಲಿತ್ತು. ಮಂಡಿನೋವಿಗೆ ಮೂರು ವಾರ ‘ಕೂರ್’ಗೆ ಹೋದರು. ಕೂರ್ ಅಂದರೆ ಡಾಕ್ಟರು ಬರೆದುಕೊಟ್ಟು ಕಳಿಸುವ ನೀರಿನ ಉಪಚಾರ, ಮಾಲೀಷು, ವಿಶ್ರಾಂತಿ. ಹೋಗುವಾಗ ಕೀಲಿ ಕೊಟ್ಟು, “ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡು, ಓಡಿಸಬೇಡ” ಅಂದಿದ್ದರು.

ಓಡಿಸಲಿಲ್ಲ ಪಾಪ. ಆದರೆ ಆಯುಧಪೂಜೆ ಬಂತು. ಹಬ್ಬ ವಾರದ ನಡುವೆ, ಅಲ್ಲಿ ರಜೆ ಎಲ್ಲಿಂದ ಬರಬೇಕು? ಶನಿವಾರಕ್ಕೆ ಮುಂದೂಡಿ ಐದು ಜನ ಹುಡುಗರು ಅವನ ಕೋಣೆಯಲ್ಲಿ ಸೇರಿದರು. ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಇಟ್ಟರು. ಯಾರೋ ಒಬ್ಬ, “ಗುರು, ಬರೀ ಲ್ಯಾಪ್‌ಟಾಪ್‌ಗೆ ಮಾಡಿದ್ರೆ ಪೂಜೆ ಅಂತಾರಾ? ಮನೇಲಿ ಗಾಡಿ ಇಟ್ಕೊಂಡು!” ಅಂದ. ಶ್ರೀಧರನಿಗೂ ಅಪ್ಪನ ಜಾವಾ ಬೈಕು ನೆನಪಾಯಿತು. ಹೊರಗೆ ತಂದರು, ತೊಳೆದರು, ಅರಿಶಿನ ಕುಂಕುಮ, ಹೂವಿನ ಹಾರ, ಅಕ್ಷತೆ, ಕರ್ಪೂರದ ಆರತಿ, ತೆಂಗಿನಕಾಯಿ. ಗಾಲಿಗಳ ಕೆಳಗೆ ಲಿಂಬೆಹಣ್ಣು. ಆರತಿಯಾದ ಮೇಲೆ ಲಿಂಬೆಹಣ್ಣು ತುಳಿಸಬೇಕಲ್ಲ, “ಹೋಯ್” ಎಂದು ಹಿಂದಿನಿಂದ ಮೂವರು ತಳ್ಳಿದರು. ಗಾಡಿ ನಿಂತದ್ದು ಸೈಡ್ ಸ್ಟ್ಯಾಂಡಿನ ಮೇಲೆ. ಮುಂದೆ ತಳ್ಳಿದರೆ ಅದು ಮಡಚಿಕೊಳ್ಳುತ್ತದೆ ಅನ್ನುವುದು ಐದು ಇಂಜಿನಿಯರುಗಳಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹ್ಯಾಂಡಲ್ ಹಿಡಿದಿದ್ದವನು ಒಂದು ಕೈಯಲ್ಲಿ ಗಂಟೆ ಬಾರಿಸುತ್ತಿದ್ದ. ಗಾಡಿ ಲಿಂಬೆಹಣ್ಣು ಹತ್ತಿ, ಇಳಿದು, ಎಡಕ್ಕೆ ವಾಲಿ, ಗೇಟಿನ ಹತ್ತಿರದ ಕಬ್ಬಿಣದ ಗೂಟದ ಮೇಲೆ ಮಲಗಿತು.

“ದೃಷ್ಟಿ ತೆಗ್ಯೋಕೆ ಹೋಗಿ ಸಾರ್…” ಅಂದವನೇ ಕಣ್ಣಲ್ಲಿ ನೀರು ತಂದುಕೊಂಡ.

“ಅಳಬ್ಯಾಡೋ. ಹಳೇ ಗಾಡಿಗೆ ಡೆಂಟ್ ಬಿದ್ರ ಮುದುಕ ಬೈದಾನು, ನುಂಗಿ ಹಾಕ್ತಾನೇನು?”

ಆಗ ಅವನು ಕಿಸೆಯಿಂದ ಒಂದು ಫೋಟೋ ತೆಗೆದು ತೋರಿಸಿದ. ಅಂಗಾತ ಮಲಗಿ ಕಾಲು ಎತ್ತಿಕೊಂಡ ಹೆಣ್ಣುಕೂಸು. ಇವನು ಬರುವಾಗ ಹೆಂಡತಿ ಸುಮಾಗೆ ಐದು ತಿಂಗಳು. ಮಗಳಿಗೆ ಈಗ ಒಂಬತ್ತು ತಿಂಗಳು, ಒಮ್ಮೆಯೂ ಎತ್ತಿಕೊಂಡಿಲ್ಲ. ಸಂಸಾರ ಕರೆಸಿಕೊಳ್ಳಬೇಕೆಂದರೆ ವೀಸಾಕ್ಕೆ ಸಾಕಷ್ಟು ಜಾಗ ಇರುವ ಮನೆಯ ಬಾಡಿಗೆ ಕರಾರು ತೋರಿಸಬೇಕು. ಹೆರ್ ಲಾಂಗೆ ಮೇಲಿನ ಇನ್ನೊಂದು ಕೋಣೆಯನ್ನೂ ಕೊಡುವುದಾಗಿ, ಕೂರ್ ಮುಗಿಸಿ ಬಂದ ದಿನವೇ ಹೊಸ ಕರಾರಿಗೆ ಸಹಿ ಹಾಕುವುದಾಗಿ ಮಾತು ಕೊಟ್ಟಿದ್ದರು. ಇವನು ಅದಕ್ಕೂ ಮೊದಲು ಹನ್ನೊಂದು ಮನೆ ನೋಡಿದ್ದ, ಒಬ್ಬರೂ ಕೊಟ್ಟಿರಲಿಲ್ಲ.

“ಆ ಸಹಿ ಇಲ್ಲಾಂದ್ರೆ ಅವ್ರು ಬರೋ ಹಾಗಿಲ್ಲ ಸಾರ್. ಅವ್ರಿಗೆ ಗೊತ್ತಾಗ್ಬಾರ್ದು. ನೀವೇ ಹೇಳಿದ್ರಲ್ಲ, ಗೊತ್ತೇ ಆಗಲ್ಲ ಅಂತ.”

ನನ್ನ ಜಂಬ ನನ್ನ ಕೊರಳಿಗೇ ಬಂತು.

ಮೈಸ್ಟರರ ಒಂದು ಕಟ್ಟುನಿಟ್ಟು. ಮಾಲೀಕರು ಹೇಳದ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಮರುದಿನ ಟ್ಯಾಂಕು ನೋಡಿ, “ಇದು ಯಾರದು?” ಅಂದರು. “ನನ್ನ ಪರಿಚಯದವರದು. ಅವರು ಊರಲ್ಲಿಲ್ಲ, ಮಾಡಿಡು ಅಂದಿದ್ದಾರೆ” ಅಂದೆ. ಇಪ್ಪತ್ತು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು. ಅವರು ತಲೆಯಾಡಿಸಿದರು. ಊಟದ ಬಿಡುವಿನಲ್ಲಿ, ಕೆಲಸ ಬಿಟ್ಟ ಮೇಲೆ ಒಂದು ತಾಸು, ಶನಿವಾರ ಪೂರ್ತಿ, ಹೀಗೆ ಹೊಂದಿಸಿಕೊಂಡೆ.

ಟ್ಯಾಂಕಿನ ತಗ್ಗು ಕಾರಿನದರಂತಲ್ಲ, ಹಿಂದೆ ಕೈ ಹೋಗುವುದಿಲ್ಲ. ಪೆಟ್ರೋಲ್ ಹಾಕುವ ಬಾಯಿಯೊಂದೇ ದಾರಿ. ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಾಗಿಸಿ, ತುದಿ ನುಣ್ಣಗೆ ಮಾಡಿ ನಾಲ್ಕು ಕಂಬಿ ಮಾಡಿಕೊಂಡೆ. ಒಳಗಿನಿಂದ ಒತ್ತುವುದು, ಹೊರಗಿನಿಂದ ಅಂಗೈ ಸವರುವುದು. ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದೆ. ತಗಡಿನ ಉಬ್ಬು ತಗ್ಗು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ಮೂರನೇ ದಿನ ನಡುವಿನ ಮಡಿಕೆ “ಟಕ್” ಎಂದು ಹೊರಗೆ ಬಂತು. ಆ ದನಿ ಕೇಳಿದಾಗಿನ ಸುಖ ಈ ಕೆಲಸ ಮಾಡಿದವರಿಗಷ್ಟೇ ಗೊತ್ತು. ಉಳಿದ ಗೆರೆಯಷ್ಟು ತಗ್ಗಿಗೆ ತವರ. ನೀರು ತುಂಬಿಸಿ ಒಂದು ದಿನ ಇಟ್ಟು, ಒಂದು ಹನಿಯೂ ಸೋರುತ್ತಿಲ್ಲ ಎಂದು ನೋಡಿ, ಪ್ರೈಮರ್ ಹೊಡೆದೆ.

ಇನ್ನು ಬಣ್ಣ. ಇಲ್ಲೇ ನಾನು ಕಾಲು ಜಾರಿದ್ದು.

ಆ ವರ್ಷ ವರ್ಕ್‌ಶಾಪಿಗೆ ಬಣ್ಣ ಅಳೆಯುವ ಯಂತ್ರ ಬಂದಿತ್ತು. ಹಳೆಯ ಬಣ್ಣದ ಮೇಲೆ ಇಟ್ಟರೆ ಸಾಕು, ಯಾವ ಬಣ್ಣ ಎಷ್ಟೆಷ್ಟು ಗ್ರಾಂ ಬೆರೆಸಬೇಕೆಂದು ಅದೇ ಹೇಳುತ್ತಿತ್ತು. ನಾನು ಹಳೇ ಕಾಲದವನು, ಕಣ್ಣಿನಿಂದ ಬೆರೆಸುವವನು. ಆದರೂ ಅವಸರವಿತ್ತಲ್ಲ, ಯಂತ್ರ ಹೇಳಿದಂತೆ ಬೆರೆಸಿ, ಟ್ಯೂಬ್‌ಲೈಟಿನ ಕೆಳಗೆ ಹೋಲಿಸಿ, ಹೊಡೆದೇಬಿಟ್ಟೆ. ಅಚ್ಚು ಒಂದೇ! ಮರುದಿನ ಶ್ರೀಧರ ಗಾಡಿಯ ಮುಂದಿನ ಮಡ್‌ಗಾರ್ಡ್ ಬಿಚ್ಚಿ ತಂದಿದ್ದ. ಎರಡನ್ನೂ ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದೆ. ಟ್ಯಾಂಕು ಕೆಂಪು ಕೆಂಪು, ಮಡ್‌ಗಾರ್ಡ್ ಕಂದು ಮಿಶ್ರಿತ ಮರೂನ್. ಕುರುಡನಿಗೂ ಗೊತ್ತಾಗುವಷ್ಟು ಫರಕು.

“ಸಾರ್, ಇದು ಬೇರೆ ಕಲರ್ ಸಾರ್.”

“ನನಗೂ ಕಣ್ಣದಾವೋ ಮಾರಾಯಾ!” ಎಂದು ಅವನ ಮೇಲೇ ಹರಿಹಾಯ್ದೆ. ತಪ್ಪು ನನ್ನದು, ಬೈಗುಳ ಅವನಿಗೆ.

ಯಂತ್ರದ್ದೇನೂ ತಪ್ಪಿಲ್ಲ. ನಾನು ಅದನ್ನು ಇಟ್ಟದ್ದು ಟ್ಯಾಂಕಿನ ಹಿಂಬದಿ, ಸೀಟಿನ ಕೆಳಗೆ ಮುಚ್ಚಿಕೊಂಡಿದ್ದ ಜಾಗದ ಮೇಲೆ. ಅಲ್ಲಿ ಬಿಸಿಲು ಬಿದ್ದಿರಲಿಲ್ಲ. ಉಳಿದ ಗಾಡಿ ನಲವತ್ತು ವರ್ಷದ ಬಿಸಿಲಿಗೆ ಮಾಗಿತ್ತು. ನಾನು ಗಾಡಿಯ ಹುಟ್ಟಿದ ದಿನದ ಬಣ್ಣ ಹೊಡೆದಿದ್ದೆ. ಎಲ್ಲ ತಿಕ್ಕಿ ತೆಗೆದೆ. ಎರಡು ದಿನ ಹೋಯಿತು. ಆಮೇಲೆ ಅಂಗಳದಲ್ಲೇ ಸ್ಟೂಲ್ ಹಾಕಿಕೊಂಡು, ಹಗಲ ಬೆಳಕಿನ ನೆರಳಿನಲ್ಲಿ, ಕಪ್ಪು ಒಂದು ಹನಿ, ಹಳದಿ ಎರಡು ಹನಿ ಎಂದು ಬೆರೆಸುತ್ತ ಕೂತೆ. ಹುಡುಗರೇ, ಬಣ್ಣವನ್ನು ಯಾವತ್ತೂ ಹೊರಗೆ ಒಯ್ದು ನೋಡಿ. ಗಾಡಿ ಓಡುವುದು ಟ್ಯೂಬ್‌ಲೈಟಿನ ಕೆಳಗಲ್ಲ.

ಕಡೆಗೆ ಬಂಗಾರದ ಗೆರೆ. ಉದ್ದ ಕೂದಲಿನ ಬ್ರಷ್ಷು, ಉಸಿರು ಬಿಗಿಹಿಡಿದು ಒಂದೇ ಎಳೆತ. ಹುಬ್ಬಳ್ಳಿಯಲ್ಲಿ ಲಾರಿಗಳ ಮೈಮೇಲೆ ಹೂಬಳ್ಳಿ ಬರೆಯುತ್ತಿದ್ದವರ ಹತ್ತಿರ ಕಲಿತದ್ದು. ಜರ್ಮನರು ಅಂಟುಪಟ್ಟಿ ಹಚ್ಚಿ ಮಾಡುತ್ತಿದ್ದರು, ನನಗೆ ಪಟ್ಟಿ ಬೇಕಿರಲಿಲ್ಲ. ಮೈಸ್ಟರ್ ದೂರದಲ್ಲಿ ನಿಂತು ನೋಡಿ, ಕಾಫಿ ತಂದಿಟ್ಟು ಹೋದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಕಾಫಿ ತಂದುಕೊಟ್ಟದ್ದು ಅದೊಂದೇ ಸಲ. ಸುಳ್ಳು ಹೇಳಿದ ಬಾಯಿಗೆ ಅದು ಕಹಿಯಾಯಿತು.

ಹೆರ್ ಲಾಂಗೆ ಬರುವುದು ಶನಿವಾರ. ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ನಾನೇ ಹೋಗಿ ಟ್ಯಾಂಕು ಕೂಡಿಸಿದೆ. ಶ್ರೀಧರನೂ ಆಫೀಸಿನಿಂದ ಓಡಿ ಬಂದಿದ್ದ. ಕಡೆಯ ಪೈಪು ಬಿಗಿ ಮಾಡಿ, ಸ್ಪ್ಯಾನರ್ ಕೈಯಲ್ಲಿ ಹಿಡಿದು ಏಳುತ್ತಿದ್ದೇನೆ, ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಕೋಲು ಊರಿಕೊಂಡು ಹೆರ್ ಲಾಂಗೆ ಇಳಿದರು. ಒಂದು ದಿನ ಮೊದಲೇ!

ನನ್ನನ್ನು ನೋಡಿದರು, ಸ್ಪ್ಯಾನರ್ ನೋಡಿದರು. “ಇವರು ಯಾರು?”

“ನ… ನಮ್ಮೂರ ಕಡೆಯವರು. ಕಾಫಿಗೆ ಬಂದಿದ್ದಾರೆ” ಅಂದ ಶ್ರೀಧರ.

“ಹಾಗಾದರೆ ಕಾಫಿ ಕುಡಿಯೋಣ.”

ನಾನು ಸ್ಪ್ಯಾನರನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಅಡುಗೆಮನೆಯಲ್ಲಿ ಕೂತೆವು. ಮುದುಕರು ಕಾಫಿ ಇಟ್ಟರು. ಪೆಟ್ಟಿಗೆಯಿಂದ ಕರಾರು ಪತ್ರದ ಎರಡು ಪ್ರತಿ ತೆಗೆದರು, ಮೇಜಿನ ಮೇಲೆ ಸರಿಯಾಗಿ ಜೋಡಿಸಿದರು, ಕನ್ನಡಕ ಹಾಕಿಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು. ನನ್ನ ಜೀವ ಹಗುರಾಯಿತು. ಇನ್ನೇನು, ಗೆದ್ದೆವು!

ಆಗ ಈ ಹುಡುಗ, “ಹೆರ್ ಲಾಂಗೆ, ಸಹಿ ಹಾಕುವ ಮೊದಲು ಒಂದು ವಿಷಯ ಹೇಳಬೇಕು” ಅಂದ.

ನಾನು ಮೇಜಿನ ಕೆಳಗೆ ಅವನ ಕಾಲು ಒದ್ದೆ. ಕನ್ನಡದಲ್ಲಿ, ನಗುನಗುತ್ತಲೇ, “ಸುಮ್ಮಕಿರೋ ತಮ್ಮಾ, ಮೊದಲ ಸಹಿ ಹಾಕ್ಲಿ” ಅಂದೆ.

“ಅವರು ಏನಂದರು?” ಕೇಳಿದರು ಹೆರ್ ಲಾಂಗೆ.

ಶ್ರೀಧರ ನನ್ನ ಮುಖ ನೋಡಿದ. ಅವರ ಮುಖ ನೋಡಿದ. “ಸುಮ್ಮನಿರು, ಮೊದಲು ಸಹಿ ಹಾಕಲಿ ಅಂದರು” ಎಂದುಬಿಟ್ಟ.

ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಐವತ್ತರ ಹತ್ತಿರ ಬಂದವನು, ತಲೆ ತಗ್ಗಿಸಿ ಕಾಫಿ ಬಟ್ಟಲು ನೋಡುತ್ತ ಕೂತೆ. ಹುಡುಗ ಎಲ್ಲ ಹೇಳಿದ. ಹಬ್ಬ, ಲಿಂಬೆಹಣ್ಣು, ಸೈಡ್ ಸ್ಟ್ಯಾಂಡು, ಗೂಟ, ಟ್ಯಾಂಕು, ಒಂದೂ ಬಿಡಲಿಲ್ಲ. ಜರ್ಮನ್ ಸಾಲದಾದಾಗ ಇಂಗ್ಲಿಷಿನಲ್ಲಿ ಹೇಳಿದ. ಕಡೆಗೆ, “ಮಗಳನ್ನು ಕರೆಸಿಕೊಳ್ಳೋದು ಸುಳ್ಳಿನ ಮೇಲೆ ಬೇಡ ಅನ್ನಿಸ್ತು” ಅಂದ.

ಹೆರ್ ಲಾಂಗೆ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಎದ್ದು, ಕೋಲು ಊರುತ್ತ ಗ್ಯಾರೇಜಿಗೆ ಹೋದರು. ನಾವಿಬ್ಬರೂ ಅಲ್ಲೇ ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ಟ್ಯಾಂಕಿನ ಮೇಲೆ ಬೆರಳು ಬಡಿಯುವ ದನಿ ಕೇಳುತ್ತಿತ್ತು. ಟಣ್, ಟಣ್, ಟಣ್. ಎಲ್ಲ ಕಡೆ ಒಂದೇ ದನಿ. “ಹೋಯ್ತು ಸಾರ್, ಹೋಯ್ತು” ಅನ್ನುತ್ತಿದ್ದ ಶ್ರೀಧರ.

ಬಂದು ಕೂತವರು ಮೇಜಿನ ಮೇಲೆ ಎರಡು ಸಣ್ಣ ವಸ್ತು ಇಟ್ಟರು. ಒಂದು ಅರಿಶಿನ ಹತ್ತಿದ ಅಕ್ಕಿಕಾಳು, ಒಂದು ಲಿಂಬೆಬೀಜ. ಇಂಜಿನ್ನಿನ ಸಂದಿಯಲ್ಲೂ ಟೈರಿನಲ್ಲೂ ಸಿಕ್ಕಿಕೊಂಡಿದ್ದವು.

“ಎಡಗಡೆ ಬಿದ್ದದ್ದು ಅಲ್ಲವೇ?” ಎಂದು ನನ್ನನ್ನೇ ಕೇಳಿದರು.

“ಹೌದು.”

“ಎದುರು ಮನೆಯಾಕೆ ಅವತ್ತೇ ಕೂರ್‌ಗೆ ಫೋನ್ ಮಾಡಿದ್ದಳು. ಐದು ಜನ ಗಂಡಸರು ನಿಮ್ಮ ಗಾಡಿಗೆ ಹಾರ ಹಾಕಿ, ಸುತ್ತ ಬೆಂಕಿ ತಿರುಗಿಸಿ, ಆಮೇಲೆ ಕೆಡವಿದರು ಅಂದಳು. ನಾನು ಕೂಗಾಡಬೇಕೆಂದೇ ಒಂದು ದಿನ ಮೊದಲು ಹೊರಟು ಬಂದೆ. ರೈಲಿನಲ್ಲಿ ಬೈಗುಳವನ್ನೆಲ್ಲ ಜೋಡಿಸಿಕೊಂಡಿದ್ದೆ.” ಶ್ರೀಧರನ ಕಡೆ ತಿರುಗಿದರು. “ನಾನು ಕೇಳಬೇಕಾದ್ದನ್ನೆಲ್ಲ ಇವನೇ ಹೇಳಿಬಿಟ್ಟ. ಈಗ ಏನು ಕೂಗಾಡಲಿ?”

ಆಮೇಲೆ ನನಗೆ, “ಹತ್ತು ನಿಮಿಷ ಹುಡುಕಿದೆ. ಎಲ್ಲಿ ತಗ್ಗಾಗಿತ್ತು, ತೋರಿಸಿ” ಅಂದರು. ಗ್ಯಾರೇಜಿಗೆ ಹೋಗಿ ಬೆರಳಿಟ್ಟು ತೋರಿಸಿದೆ. ಅವರು ಅಲ್ಲಿ ಕೈಯಾಡಿಸಿ, “ಹ್ಞಾಂ” ಅಂದರು, ಅಷ್ಟೇ. ಮೂವತ್ತು ವರ್ಷದ ನನ್ನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು ಅದು. ತೆಗೆದುಕೊಳ್ಳಲು ಮುಖವಿರಲಿಲ್ಲ.

ಬೈಗುಳವೂ ಬಿತ್ತು, ಇಲ್ಲವೆಂದಲ್ಲ. ಆದರೆ ಡೆಂಟಿಗಲ್ಲ, ಕರ್ಪೂರಕ್ಕೆ. “ಪೆಟ್ರೋಲ್ ಟ್ಯಾಂಕಿನ ಸುತ್ತ ಬೆಂಕಿ! ನೀವು ಇಂಜಿನಿಯರುಗಳೇ?” ಎಂದು ಕೆಂಪಗಾಗಿ ಕೂಗಿದರು. ಮೂವತ್ತು ವರ್ಷ ರೈಲ್ವೆಯಲ್ಲಿದ್ದವರು. ನಾವಿಬ್ಬರೂ ಸಂತೋಷದಿಂದ ಬೈಸಿಕೊಂಡೆವು. ಆಮೇಲೆ ಕರಾರು ಪತ್ರ ಎಳೆದುಕೊಂಡು, ಕೊನೆಯಲ್ಲಿ ಕೈಯಿಂದ ಹೊಸದೊಂದು ಷರತ್ತು ಬರೆದರು. ಓದಿ ಹೇಳಿದರು: ಬಾಡಿಗೆದಾರರು ವರ್ಷಕ್ಕೊಮ್ಮೆ ಮಾಲೀಕರ ಮೋಟಾರ್ ಸೈಕಲ್ಲಿಗೆ ಪೂಜೆ ಮಾಡಬಹುದು. ಆಗ ಗಾಡಿ ಮೇನ್ ಸ್ಟ್ಯಾಂಡಿನ ಮೇಲಿರಬೇಕು. ಬೆಂಕಿ ಕೂಡದು. ಮಾಲೀಕರು ಹಾಜರಿರಬೇಕು.

ಕೆಳಗೆ ಸಹಿ ಹಾಕಿದರು. ಶ್ರೀಧರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ?

ಸೋಮವಾರ ಮೈಸ್ಟರ್ ಹತ್ತಿರ ಹೋಗಿ ನಾನೂ ನನ್ನ ಸುಳ್ಳು ಒಪ್ಪಿಕೊಂಡೆ. ಅವರು ಒಂದು ವಾರ ಬರೀ ತಿಕ್ಕುವ ಕೆಲಸ ಕೊಟ್ಟರು, ಹೊಸದಾಗಿ ಸೇರಿದವರಿಗೆ ಕೊಡುವಂಥದ್ದು. ತಿಕ್ಕಿದೆ. ಕೈ ನೋಯುತ್ತಿತ್ತು, ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಆ ಷರತ್ತಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಚೆನ್ನೈನಲ್ಲಿ ವೀಸಾ ಸಂದರ್ಶನಕ್ಕೆ ಸುಮಾ ಮಗಳನ್ನು ಸೊಂಟದ ಮೇಲೆ ಹೊತ್ತು ಹೋದಳು. ಕಿಟಕಿಯಲ್ಲಿದ್ದ ಅಧಿಕಾರಿ ಕರಾರು ಓದುತ್ತ ಓದುತ್ತ ಕೊನೆಯ ಪುಟದಲ್ಲಿ ನಿಂತರಂತೆ. “ಮೋಟಾರ್ ಸೈಕಲ್ಲಿಗೆ ಪೂಜೆ ಅಂದರೇನು?” ಇವಳಿಗೆ ಏನೂ ಗೊತ್ತಿಲ್ಲ, ಗಂಡ ಹೆದರಿ ಅವಳಿಂದಲೂ ಮುಚ್ಚಿಟ್ಟಿದ್ದ. ಆದರೂ ಗಟ್ಟಿ ಹೆಣ್ಣು. “ಗಾಡಿ ವರ್ಷವೆಲ್ಲ ನಮ್ಮನ್ನ ಹೊರುತ್ತೆ. ಒಂದು ದಿನ ನಾವು ಅದಕ್ಕೆ ಕೈ ಮುಗೀತೀವಿ” ಅಂದಳಂತೆ. “ಬೆಂಕಿ ಯಾಕೆ ಕೂಡದು?” “ಅದನ್ನ ನಮ್ಮೆಜಮಾನ್ರನ್ನೇ ಕೇಳ್ಬೇಕು.” ಆ ಅಧಿಕಾರಿ ನಕ್ಕು ಒಳಗಿನವರಿಗೂ ತೋರಿಸಿ ಬಂದರಂತೆ. ಅವತ್ತು ಫೋನಿನಲ್ಲಿ ಶ್ರೀಧರ ಸಾಕಷ್ಟು ಬೈಸಿಕೊಂಡ. ವೀಸಾ ಬಂತು.

ಫೆಬ್ರವರಿಯಲ್ಲಿ ತಾಯಿ ಮಗಳು ಫ್ರಾಂಕ್‌ಫರ್ಟಿನಲ್ಲಿ ಇಳಿದರು. ಶ್ರೀಧರ ಓಡಿ ಹೋಗಿ ಕೈ ಚಾಚಿದ. ಕೂಸು ಕಿರುಚಿ ತಾಯಿಯ ಕೊರಳು ಅಪ್ಪಿಕೊಂಡಿತು. ಅದಕ್ಕೆ ಅಪ್ಪ ಅಂದರೆ ಫೋನಿನಲ್ಲಿ ಬರುವ ದನಿ. ಈ ಕೋಟು ಟೊಪ್ಪಿಗೆಯ ಮನುಷ್ಯ ಯಾರೋ! ದಿನ ಹತ್ತಾಯಿತು, ಹದಿನೈದಾಯಿತು, ಒಂದು ತಿಂಗಳಾಯಿತು. ಇವನು ಆಫೀಸಿನಿಂದ ಬಂದರೆ ಮೂಲೆ ಸೇರುತ್ತಿತ್ತು, ಎತ್ತಿಕೊಂಡರೆ ಮೈ ಸೆಟೆದು ಅಳುತ್ತಿತ್ತು. “ಕರೆಸ್ಕೊಂಡೆ ಸಾರ್, ಆದ್ರೆ ನನ್ನ ಹತ್ರ ಬರಲ್ಲ” ಎಂದು ಸಣ್ಣ ಮುಖ ಮಾಡುತ್ತಿದ್ದ. ಬರ್ತದೋ ತಮ್ಮಾ, ತಡಿ ಅಂದೆ. ಬೇರೆ ಏನು ಹೇಳಲಿ?

ಏಪ್ರಿಲಿನ ಒಂದು ಭಾನುವಾರ ಯುಗಾದಿ ಊಟಕ್ಕೆ ನಮ್ಮನ್ನು ಕರೆದಿದ್ದರು. ಬಿಸಿಲು ಬಿದ್ದಿತ್ತು. ಹೆರ್ ಲಾಂಗೆ ಗಾಡಿಯನ್ನು ಅಂಗಳಕ್ಕೆ ತಂದು, ಮೇನ್ ಸ್ಟ್ಯಾಂಡ್ ಹಾಕಿ, ಎರಡು ಸಲ ಅಲುಗಾಡಿಸಿ ನೋಡಿ, “ಹತ್ತು” ಎಂದು ಶ್ರೀಧರನಿಗೆ ಸನ್ನೆ ಮಾಡಿದರು. ಅವನು ಸೀಟಿನ ಮೇಲೆ ಕೂತ. ಮುದುಕರು ಸುಮಾಳ ಕೈಯಿಂದ ಕೂಸನ್ನು ಮೆಲ್ಲಗೆ ತೆಗೆದುಕೊಂಡು ಅವನ ಮುಂದೆ ಟ್ಯಾಂಕಿನ ಮೇಲೆ ಕೂರಿಸಿದರು. ಬಿಸಿಲಿಗೆ ಟ್ಯಾಂಕು ಬೆಚ್ಚಗಾಗಿತ್ತು. ಕೂಸು ಅಳಲು ಬಾಯಿ ತೆರೆಯಿತು, ಕೆಳಗೆ ನೋಡಿತು, ತನ್ನ ಮುಖ ಅಲ್ಲಿ ಮರೂನ್ ಬಣ್ಣದಲ್ಲಿ ಕಂಡಿತು. ಅಳು ಮರೆತು ಎರಡೂ ಕೈಯಿಂದ ಪಟಪಟ ಬಡಿಯತೊಡಗಿತು. ಕೈಯಲ್ಲಿ ಅಜ್ಜಿ ಮಾಡಿಸಿದ ಬೆಳ್ಳಿಯ ಕಡಗ.

“ಅಯ್ಯೋ!” ಅಂದೆ ನಾನು. ಕರ್ರ್ ಎಂದು ಎಡಗಡೆಯಲ್ಲೇ, ಬಂಗಾರದ ಗೆರೆಯ ಮೇಲೇ, ಮೂರು ಬೆರಳು ಉದ್ದದ ಗೀರು. ಸುಮಾ ಬಾಯಿಗೆ ಕೈ ಹಿಡಿದಳು. ಶ್ರೀಧರ ಕೂಸನ್ನು ಎತ್ತಲು ಹೋದ. ಅದು ಇಳಿಯಲು ಒಪ್ಪಲಿಲ್ಲ. ಹಿಂದಕ್ಕೆ ವಾಲಿ ಅಪ್ಪನ ಎದೆಗೆ ಬೆನ್ನು ಕೊಟ್ಟು, ತಲೆ ಎತ್ತಿ ಅವನ ಗದ್ದ ನೋಡಿ ಕಿಲಕಿಲ ನಕ್ಕಿತು. ಶ್ರೀಧರ ಅಲುಗಾಡಲೇ ಇಲ್ಲ. ಉಸಿರಾಡಿದನೋ ಇಲ್ಲವೋ.

ನನ್ನ ಕೈ ತಾನೇ ಕರ್ಚೀಫು ತೆಗೆದಿತ್ತು. ಅರ್ಧ ತಾಸಿನ ಕೆಲಸ, ಪಾಲಿಷ್ ಹಾಕಿ ತಿಕ್ಕಿದರೆ ಗುರುತೇ ಉಳಿಯುವುದಿಲ್ಲ. “ನಾಳೆ ಬಂದು ಸರಿ ಮಾಡಿಬಿಡುತ್ತೇನೆ” ಅಂದೆ.

ಹೆರ್ ಲಾಂಗೆ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. “ಮಾಲೀಕ ನಾನು. ಇದಕ್ಕೆ ಕೈ ಹಚ್ಚಬೇಡಿ” ಅಂದರು.

ನಾನು ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡೆ.